ಬೆಳ್ಮಣ್ಣಿನ ತಾಮ್ರಶಾಸನ ಮತ್ತು ಬೆಳ್ಮಣ್ ಎಂಬ ಊರು

"ಕನ್ನಡದ ಮೊದಲ ಶಾಸನ ಸಿಕ್ಕಿದ್ದು ಬೆಳ್ಮಣ್ಣಿನಲ್ಲಂತೆ, ಹೌದಾ?" ಶಾಸನದ ಮಾತು ಬಂದಾಗಲೆಲ್ಲ ಕರಾವಳಿಯ ಓದುಗರು ಒಂದಲ್ಲ ಒಂದು ರೀತಿಯಲ್ಲಿ ಕೇಳುವ ಪ್ರಶ್ನೆ ಇದು. ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಆ ಅರ್ಧ ಎಲ್ಲಿ ಮುಗಿಯುತ್ತದೆ, ಇನ್ನರ್ಧ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಊರಿನ ಹೆಮ್ಮೆ ಏನೂ ಕಡಿಮೆಯಾಗುವುದಿಲ್ಲ, ಬದಲಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಮೊದಲು ಊರು, ಆಮೇಲೆ ತಾಮ್ರಪಟ, ಕೊನೆಗೆ ಅವೆರಡರ ನಡುವಿನ ಜನ, ಹೀಗೆ ಒಂದೊಂದಾಗಿ ನೋಡೋಣ.

ಊರು ಎಲ್ಲಿದೆ?

ಪಡುಬಿದ್ರಿಯಲ್ಲಿ ಕರಾವಳಿಯ ಹೆದ್ದಾರಿಯಿಂದ ಪೂರ್ವಕ್ಕೆ ತಿರುಗಿದರೆ ಸಿಗುವುದು ರಾಜ್ಯ ಹೆದ್ದಾರಿ 1. ಇದೇ ರಸ್ತೆ ಕಾರ್ಕಳ ದಾಟಿ, ಘಟ್ಟ ಹತ್ತಿ, ಬೆಳಗಾವಿ ಜಿಲ್ಲೆಯ ಚಿಕ್ಕಲಗುಡ್ಡದವರೆಗೂ ಹೋಗುತ್ತದೆ. ಪಡುಬಿದ್ರಿಗೂ ಕಾರ್ಕಳಕ್ಕೂ ಹೆಚ್ಚುಕಡಿಮೆ ನಡುದಾರಿಯಲ್ಲಿ ಬರುವ ಪೇಟೆಯೇ ಬೆಳ್ಮಣ್. ಸರ್ಕಾರಿ ಕಾಗದಗಳಲ್ಲಿ 'ಬೆಳ್ಮಣ್ಣು', ಜನರ ಬಾಯಲ್ಲಿ 'ಬೆಳ್ಮಣ್'. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿದ್ದು. ಇಲ್ಲಿಂದ ಒಂದು ದಾರಿ ಶಿರ್ವದ ಕಡೆಗೆ, ಇನ್ನೊಂದು ಮುಂಡ್ಕೂರಿನ ಕಡೆಗೆ. ಪಕ್ಕದಲ್ಲಿ ನಂದಳಿಕೆ, ಬೋಳ. ಕಾರ್ಕಳದ ದಿಕ್ಕಿನಲ್ಲಿ ನಿಟ್ಟೆ. ಪೇಟೆಯ ಹತ್ತಿರವೇ ದುರ್ಗಾಪರಮೇಶ್ವರಿ ದೇವಸ್ಥಾನ. ಸಂತ ಜೋಸೆಫರ ಇಗರ್ಜಿಯೂ ಈ ಊರಲ್ಲೇ ಇದೆ. ಬಸ್ಸಿಗೆ ಕಾಯುವ ಜನ, ಹೋಟೆಲು, ಬೀಡಿ ಅಂಗಡಿ, ಸೊಸೈಟಿ, ಕಾಲೇಜು ಮಕ್ಕಳು. ಕರಾವಳಿಯ ಯಾವುದೇ ನಾಲ್ಕು ದಾರಿ ಕೂಡುವ ಪೇಟೆಯ ಹಾಗೇ ಇದೆ.

ನೆಲದ ಲೆಕ್ಕದಲ್ಲಿ ಇದು ಕಡಲತೀರವೂ ಅಲ್ಲ, ಘಟ್ಟದ ಬುಡವೂ ಅಲ್ಲ, ಎರಡರ ನಡುವಿನ ಪಟ್ಟಿ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಗುಡ್ಡಗಳು. ಗುಡ್ಡಗಳ ಸಂದಿಯಲ್ಲಿ ಉದ್ದುದ್ದ ಬಯಲುಗಳು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ದಕ್ಷಿಣಕ್ಕೆ, ಮುಂಡ್ಕೂರಿನ ಆಚೆ, ಶಾಂಭವಿ ನದಿ ಹರಿದು ಮೂಲ್ಕಿಯ ಬಳಿ ಕಡಲು ಸೇರುತ್ತದೆ. ಗದ್ದೆಗಳನ್ನು ಇಲ್ಲಿನ ರೈತರು ನೀರಿನ ಲೆಕ್ಕದಲ್ಲೇ ಮೂರು ವಿಧ ಮಾಡಿದ್ದಾರೆ. ತಗ್ಗಿನಲ್ಲಿರುವುದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು. ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯೂ ಸಾಧ್ಯ. ಮಜಲಿನಲ್ಲಿ ಎರಡು. ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ.

ಶಾಸನದ ವಿಷಯಕ್ಕೆ ಈ ಭೂಗೋಳ ಯಾಕೆ ಬೇಕು? ಎರಡು ಕಾರಣ. ಮೊದಲನೆಯದು ಕಲ್ಲು. ಮುರಕಲ್ಲಿನಲ್ಲಿ ಮನೆ ಕಟ್ಟಬಹುದು, ಬಾವಿಯ ಕಟ್ಟೆ ಕಟ್ಟಬಹುದು, ಅಕ್ಷರ ಕೊರೆಯಲಿಕ್ಕಾಗುವುದಿಲ್ಲ. ತೂತು ತೂತಾಗಿರುವ ಆ ಕಲ್ಲಿನ ಮೇಲೆ ಬರೆದದ್ದು ನಾಲ್ಕು ಮಳೆಗಾಲಕ್ಕೇ ಅಳಿಸಿಹೋದೀತು. ಶಾಸನಕ್ಕೆ ಕಣಶಿಲೆ ಬೇಕು. ಅದು ಕಾರ್ಕಳದ ಕಡೆ ಧಾರಾಳವಾಗಿದೆ. 1432ರಲ್ಲಿ ವೀರಪಾಂಡ್ಯ ಭೈರರಸ ಗೊಮ್ಮಟನನ್ನು ನಿಲ್ಲಿಸಿದ್ದು ಅಂಥ ಶಿಲೆಯಲ್ಲೇ. ಎರಡನೆಯದು ಮಳೆ. ಇಷ್ಟು ತೇವ, ಇಷ್ಟು ಗೆದ್ದಲು ಇರುವ ಕಡೆ ತಾಳೆಗರಿ ನೂರಿನ್ನೂರು ವರ್ಷ ಬಾಳಿದರೆ ದೊಡ್ಡದು. ಹೀಗಾಗಿ ಒಂದು ಕುಟುಂಬ ಅಥವಾ ಒಂದು ಸಭೆ ತನ್ನ ಭೂಮಿಯ ಹಕ್ಕನ್ನು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳಬೇಕಿದ್ದರೆ ತಾಮ್ರದಷ್ಟು ನಂಬಿಕೆಯ ವಸ್ತು ಬೇರೆ ಇರಲಿಲ್ಲ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದೀತು, ಅಕ್ಷರ ಹೋಗುವುದಿಲ್ಲ.

ಹೆಸರಿನಲ್ಲಿ ಏನಿದೆ?

ಹಳಗನ್ನಡದಲ್ಲಿ 'ಬೆಳ್' ಎಂದರೆ ಬಿಳಿ. ಬೆಳ್ದಿಂಗಳು, ಬೆಳ್ಗೊಡೆ, ಬೆಳ್ಗೊಳ ಎಂಬ ಮಾತುಗಳಲ್ಲಿ ಇರುವುದು ಇದೇ. 'ಮಣ್' ಅಂದರೆ ಮಣ್ಣು. ಹಾಗಾಗಿ ಬೆಳ್ಮಣ್ ಎಂದರೆ ಬಿಳಿಮಣ್ಣಿನ ಊರು ಅಂತ ಓದುವುದು ಸಹಜ, ವ್ಯಾಕರಣಕ್ಕೂ ಒಪ್ಪುತ್ತದೆ. ಸುತ್ತ ಕೆಂಪು ಮುರಮಣ್ಣೇ ತುಂಬಿರುವ ಸೀಮೆಯಲ್ಲಿ ಬಿಳಿಯ ಜೇಡಿ ಕಾಣುವ ಒಂದು ಜಾಗ ಇದ್ದರೆ ಅದೇ ಗುರುತಾಗಿ ಹೆಸರಾಗುವುದು ಸಾಮಾನ್ಯ. ಕಾರ್ಕಳವನ್ನು 'ಕರಿಕಲ್ಲು' ಅಂತ ಬಿಡಿಸುವವರೂ ಇದ್ದಾರಲ್ಲ, ಇದೂ ಅದೇ ಜಾತಿಯ ಹೆಸರು. ಆದರೆ ಒಂದು ಎಚ್ಚರಿಕೆ. ಸ್ಥಳನಾಮದ ಅರ್ಥ ಹೇಳುವಾಗ ಕಥೆ ಹುಟ್ಟುವುದು ಬಹಳ ಸುಲಭ. ಮೊದಲು ಹಳೆಯ ರೂಪ, ಆಮೇಲೆ ನೆಲದ ಗುಣ, ಕೊನೆಗೆ ಐತಿಹ್ಯ. ಈ ಕ್ರಮ ತಪ್ಪಬಾರದು.

ತಾಮ್ರಪಟ: ಯಾರದ್ದು, ಯಾವಾಗಿನದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಳ್ಮಣ್ಣಿನಲ್ಲಿ ಸಿಕ್ಕಿದ ತಾಮ್ರಶಾಸನ ಆಳುಪ ದೊರೆ ಇಮ್ಮಡಿ ಆಳುವರಸನದು. ಕಾಲ 8ನೇ ಶತಮಾನದ ಆದಿಭಾಗ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಭಿಪ್ರಾಯ. ಕೆಲವರು ಅದನ್ನು ಶತಮಾನದ ಮಧ್ಯಭಾಗದ ಹತ್ತಿರಕ್ಕೆ ತರುತ್ತಾರೆ. ಲಿಪಿ ಹಳಗನ್ನಡ ಲಿಪಿ, ಭಾಷೆ ಕನ್ನಡ. ಅದರ ಮೇಲೆ ಆಳುಪರ ರಾಜಲಾಂಛನವಾದ ಜೋಡಿ ಮೀನು ಇದೆ. ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೇ ಇರುವ ಪೂರ್ಣ ತಾಮ್ರಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು ಎಂದು ಪರಿಗಣಿಸಲಾಗಿದೆ. ತುಳುನಾಡಿನ ಇತಿಹಾಸಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಪಿ. ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ದೊಡ್ಡ ಗ್ರಂಥ, 1970ರಲ್ಲಿ ಬಂದ ಕೆ.ವಿ. ರಮೇಶರ ದಕ್ಷಿಣ ಕನ್ನಡದ ಇತಿಹಾಸ, ಇವೆರಡನ್ನು ಬಿಟ್ಟು ಆಳುಪರ ಬಗ್ಗೆ ಮಾತಾಡುವುದು ಇವತ್ತಿಗೂ ಕಷ್ಟ. ಅದಕ್ಕೂ ಮುಂಚೆ, 1936ರಲ್ಲಿ, ಬಿ.ಎ. ಸಾಲೆತ್ತೂರರ ತುಳುವ ಇತಿಹಾಸ ಬಂದಿತ್ತು.

ಮೇಲಿನ ವಾಕ್ಯದಲ್ಲಿ 'ಪೂರ್ಣ', 'ಕನ್ನಡ', 'ತಾಮ್ರ' ಎಂಬ ಮೂರು ಮಾತುಗಳ ಮೇಲೆ ಬೆರಳಿಟ್ಟು ಓದಿ. ಗೊಂದಲ ಹುಟ್ಟುವುದು ಇವುಗಳಲ್ಲಿ ಒಂದನ್ನು ಕೈಬಿಟ್ಟಾಗ.

ಕಲ್ಲಿನ ಮೇಲಿನ ಕನ್ನಡ ಇದಕ್ಕಿಂತ ಬಹಳ ಹಳೆಯದು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು; 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಅದಕ್ಕೂ ಹಿಂದಿನ 370ರ ಸುಮಾರಿಗೆ ಒಯ್ಯುವವರಿದ್ದಾರೆ, ಆ ಚರ್ಚೆ ಇನ್ನೂ ನಡೆದಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕಾಲದ ಕನ್ನಡ ಶಾಸನ ಇದೆ, 578ರ ಹೊತ್ತಿನದು. ಅದೇ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿ ಸುಮಾರು 700ರಲ್ಲಿ ಬಂತು. ಅಷ್ಟೇಕೆ, ತುಳುನಾಡಿನ ಒಳಗೇ, ಬ್ರಹ್ಮಾವರದ ಹತ್ತಿರದ ವಡ್ಡರ್ಸೆಯ ಶಾಸನ 7ನೇ ಶತಮಾನದ್ದು. ಅದು ಒಂದನೆಯ ಆಳುವರಸನ ಕಾಲದ್ದು.

ತಾಮ್ರದ ಮೇಲಿನ ಬರಹವೂ ಬೆಳ್ಮಣ್ಣಿಗಿಂತ ಹಳೆಯದು ಬೇಕಾದಷ್ಟು ಇದೆ. ಕದಂಬರ, ಗಂಗರ, ಬಾದಾಮಿ ಚಾಲುಕ್ಯರ ತಾಮ್ರಪಟಗಳು ಎಷ್ಟೋ ಸಿಕ್ಕಿವೆ. ಆದರೆ ಅವು ಸಾಮಾನ್ಯವಾಗಿ ಸಂಸ್ಕೃತ. ರಾಜನ ವಂಶ, ಅವನ ಪರಾಕ್ರಮ, ದಾನದ ಪುಣ್ಯ ಎಲ್ಲವೂ ಸಂಸ್ಕೃತದಲ್ಲಿ. ಎಲ್ಲೆಗಳ ವಿವರ ಬಂದಾಗ, ಹಳ್ಳ ಹುಣಸೆಮರ ಬಂಡೆ ಹುತ್ತದ ಹೆಸರು ಹೇಳಬೇಕಾದಾಗ ಮಾತ್ರ ಕನ್ನಡ ನುಸುಳುತ್ತದೆ. ಎಲ್ಲೆಯ ಜಗಳ ಬಂದರೆ ಊರವರಿಗೆ ಅರ್ಥವಾಗಬೇಕಲ್ಲ!

ಇದನ್ನೆಲ್ಲ ಕೂಡಿಸಿ ನೋಡಿದರೆ ಬೆಳ್ಮಣ್ಣಿನ ನಿಜವಾದ ಹೆಚ್ಚುಗಾರಿಕೆ ಗೊತ್ತಾಗುತ್ತದೆ. ಎಲ್ಲೆಯ ಸಾಲುಗಳಿಗೆ ಮಾತ್ರ ಕರೆಸಿಕೊಳ್ಳುತ್ತಿದ್ದ ಕನ್ನಡ ಇಲ್ಲಿ ರಾಜಶಾಸನದ ಪೂರ್ತಿ ಭಾರ ಹೊತ್ತಿದೆ. ಆರಂಭದಿಂದ ಮುಕ್ತಾಯದವರೆಗೆ ರಾಜನ ಮಾತು ಕನ್ನಡವೇ. 'ಕವಿರಾಜಮಾರ್ಗ' ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು, ಘಟ್ಟದ ಕೆಳಗಿನ ಒಂದು ಸೀಮೆಯಲ್ಲಿ, ಕನ್ನಡ ಆಡಳಿತದ ಭಾಷೆಯಾಗಿ ಪಕ್ವವಾಗಿತ್ತು ಅನ್ನುವುದಕ್ಕೆ ಇದು ಸಾಕ್ಷಿ. 'ಕನ್ನಡದ ಮೊದಲ ಶಾಸನ' ಅನ್ನುವ ತಪ್ಪು ಬಿರುದಿಗಿಂತ ಈ ಸರಿಯಾದ ಮಾತೇ ದೊಡ್ಡದು ಅಂತ ನನಗನ್ನಿಸುತ್ತದೆ.

ಕಾಲ ಹೇಳುವುದು ಹೇಗೆ?

"ತೇದಿ ಇಲ್ಲದಿದ್ದರೆ 8ನೇ ಶತಮಾನ ಅಂತ ಹೇಗೆ ಹೇಳ್ತೀರಿ?" ಇದು ನ್ಯಾಯವಾದ ಪ್ರಶ್ನೆ. ಶಕವರ್ಷ ನಮೂದಾಗದ ಶಾಸನಗಳಿಗೆ ಕಾಲ ನಿರ್ಣಯಿಸಲು ಮೂರು ದಾರಿ.

ಮೊದಲನೆಯದು ಲಿಪಿ. ಅಕ್ಷರಗಳ ಆಕಾರ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತ ಹೋಗುತ್ತದೆ. ತೇದಿ ಖಚಿತವಿರುವ ಶಾಸನಗಳ ಅಕ್ಷರಗಳನ್ನು ಸಾಲಾಗಿ ಇಟ್ಟುಕೊಂಡು, ತೇದಿ ಇಲ್ಲದ್ದನ್ನು ಅದರ ಪಕ್ಕ ಇಟ್ಟು ಹೋಲಿಸುತ್ತಾರೆ. ಎರಡನೆಯದು ಭಾಷೆ. ಪೂರ್ವದ ಹಳಗನ್ನಡದಲ್ಲಿ ಸಪ್ತಮಿಗೆ 'ಉಳ್' ಬರುತ್ತಿತ್ತು, ಅದು ಮುಂದೆ 'ಒಳ್' ಆಯಿತು. ಷಷ್ಠಿಯಲ್ಲಿ ಹಿಂದೆ 'ಆ' ಎಂದು ದೀರ್ಘವಿತ್ತು, ಮುಂದೆ ಹ್ರಸ್ವವಾಯಿತು. ಱ, ೞ ಅಕ್ಷರಗಳು ತಮ್ಮ ಜಾಗದಲ್ಲಿ ಸರಿಯಾಗಿ ಬರುತ್ತಿದ್ದವು, ಆಮೇಲೆ ಬೆರಕೆಯಾದವು. ಮೂರನೆಯದು ಇತಿಹಾಸದ ಹೊಂದಾಣಿಕೆ. ಶಾಸನದಲ್ಲಿ ಹೆಸರು ಬಂದ ರಾಜನನ್ನು ತೇದಿ ಗೊತ್ತಿರುವ ಬೇರೆ ರಾಜರ ಜತೆ ಕೂರಿಸಿ ನೋಡುವುದು.

ಆಳುಪರ ವಿಷಯದಲ್ಲಿ ಈ ಮೂರನೆಯ ದಾರಿ ಚೆನ್ನಾಗಿ ಒದಗುತ್ತದೆ. ಹಲ್ಮಿಡಿ ಶಾಸನದಲ್ಲಿ ಬರುವ ಅಳಪ ಗಣದ ಪಶುಪತಿಯನ್ನು ಬಹಳ ವಿದ್ವಾಂಸರು ಆಳುಪರಿಗೆ ಜೋಡಿಸುತ್ತಾರೆ. 602ರ ಮಹಾಕೂಟದ ಕಂಬದಲ್ಲಿ ಚಾಲುಕ್ಯ ಕೀರ್ತಿವರ್ಮ ಗೆದ್ದವರ ಪಟ್ಟಿಯಲ್ಲಿ ಆಳುಕರು ಇದ್ದಾರೆ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿಗೆ ಮಣಿದ ಗಂಗರ ಜತೆಗೆ ಆಳುಪರನ್ನು ರವಿಕೀರ್ತಿ ಹೆಸರಿಸಿದ್ದಾನೆ. ಆಮೇಲೆ ಸಂಬಂಧ ಬೆಳೆಯಿತು. ಆಳುಪ ಚಿತ್ರವಾಹನ ಮದುವೆಯಾದದ್ದು ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮದೇವಿಯನ್ನು. ಲಕ್ಷ್ಮೇಶ್ವರದ ಆನೆಸೆಜ್ಜೆಯ ಬಸದಿ ಅವಳು ಕಟ್ಟಿಸಿದ್ದು. 707ರ ಶಿಗ್ಗಾವಿ ತಾಮ್ರಶಾಸನ ಈ ಬಸದಿಗೆ ಸಂಬಂಧಪಟ್ಟದ್ದು. ಈ ಚಿತ್ರವಾಹನನ ನಂತರ ಬಂದವನೇ ಇಮ್ಮಡಿ ಆಳುವರಸ ಎಂದು ಇತಿಹಾಸಕಾರರು ವಂಶಾವಳಿ ಕೂಡಿಸಿದ್ದಾರೆ. ಹಾಗಾಗಿ ಅವನ ತಾಮ್ರಪಟ 8ನೇ ಶತಮಾನದಲ್ಲೇ ಕೂರುತ್ತದೆ. ಅಂದರೆ ಬಾದಾಮಿಯ ಚಾಲುಕ್ಯರ ಕೊನೆಗಾಲ. 753ರಲ್ಲಿ ದಂತಿದುರ್ಗ ಅವರನ್ನು ಸೋಲಿಸಿ ರಾಷ್ಟ್ರಕೂಟರ ಕಾಲ ಶುರು ಮಾಡುವ ಆಸುಪಾಸು.

ಮೂರೂ ದಾರಿ ಒಂದೇ ಕಡೆ ಸೇರಿದರೆ ಮಾತ್ರ ಕಾಲ ಗಟ್ಟಿ. ಭಾಷೆ ಒಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ, ಬೆಳ್ಮಣ್ಣಿನ ಪಕ್ಕದ ನಂದಳಿಕೆಯಲ್ಲೇ ಇದೆ. ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ತನ್ನ ಹಳಗನ್ನಡ ಕೃತಿಗಳನ್ನು ಯಾರೋ ಪ್ರಾಚೀನ ಕವಿ ಮುದ್ದಣ ಬರೆದದ್ದು ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ, ದೊಡ್ಡ ದೊಡ್ಡವರೂ ಹಳೆಯದೇ ಎಂದು ನಂಬಿದರು. ಹಳಗನ್ನಡ ಬಲ್ಲವನು ಯಾವ ಕಾಲದಲ್ಲೂ ಹಳಗನ್ನಡ ಬರೆಯಬಲ್ಲ. ಮುದ್ದಣನದು ಸಂಕೋಚದ ಆಟ, ಅದರಿಂದ ಕನ್ನಡಕ್ಕೆ ಲಾಭವೇ ಆಯಿತು. ಆದರೆ ಭೂಮಿಯ ಆಸೆಗೆ ಹಳೆಯ ರಾಜನ ಹೆಸರಿನಲ್ಲಿ ಆಮೇಲೆ ಬರೆಸಿದ ಕೂಟಶಾಸನಗಳೂ ನಮ್ಮಲ್ಲಿ ಇವೆ. ಗಂಗರದ್ದೆಂದು ಹೇಳುವ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟ ಎಂದು ತಳ್ಳಿಹಾಕಿದ್ದ. ಆ ವಾದ ವಿವಾದ ದಶಕಗಟ್ಟಲೆ ನಡೆಯಿತು. ಅದಕ್ಕೇ ಲಿಪಿ, ಭಾಷೆ, ಇತಿಹಾಸ ಮೂರನ್ನೂ ಕೇಳಬೇಕು ಅನ್ನುವುದು.

ಜೋಡಿ ಮೀನು ಮತ್ತು ಬಳೆ

ತಾಮ್ರಶಾಸನ ನೋಡದವರಿಗಾಗಿ ಎರಡು ಮಾತು. ತಾಮ್ರವನ್ನು ಬಡಿದು ಹಲಗೆ ಮಾಡುತ್ತಾರೆ. ಅಕ್ಷರ ಸವೆಯಬಾರದೆಂದು ಅಂಚನ್ನು ಸ್ವಲ್ಪ ಎತ್ತರಿಸುವುದುಂಟು. ಒಂದು ಬದಿಯಲ್ಲಿ ತೂತು, ಅದರೊಳಗೆ ತಾಮ್ರದ ಬಳೆ, ಬಳೆಯ ತುದಿಗಳನ್ನು ಕೂಡಿಸಿದಲ್ಲಿ ರಾಜಮುದ್ರೆ. ಬಳೆ ಕತ್ತರಿಸದೆ ಹೊಸ ಹಲಗೆ ಸೇರಿಸಲಿಕ್ಕೂ ಹಳೆಯದನ್ನು ತೆಗೆಯಲಿಕ್ಕೂ ಆಗುವುದಿಲ್ಲ. ಇವತ್ತು ಕ್ರಯಪತ್ರದ ಪ್ರತಿ ಪುಟಕ್ಕೂ ಸೀಲು, ಸಹಿ ಹಾಕುತ್ತಾರಲ್ಲ, ಕೆಲಸ ಅದೇ. ಒಳಗಿನ ಕ್ರಮವೂ ಹೆಚ್ಚುಕಡಿಮೆ ಒಂದೇ ರೀತಿ. ಮೊದಲು ಸ್ವಸ್ತಿವಾಚನ, ನಂತರ ರಾಜನ ಹೆಸರು, ಕೊಟ್ಟದ್ದೇನು, ಯಾರಿಗೆ, ಎಲ್ಲೆ ಎಲ್ಲಿ, ಸಾಕ್ಷಿ ಯಾರು, ಕೊನೆಗೆ ಇದನ್ನು ಅಳಿದವನಿಗೆ ಶಾಪ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಅನ್ನುವುದು ಆ ಕಾಲದ ಬಹಳ ಬಳಕೆಯ ಶಾಪ. ಎಲ್ಲ ಶಾಸನದಲ್ಲೂ ಎಲ್ಲ ಅಂಗವೂ ಇರಲೇಬೇಕೆಂದಿಲ್ಲ, ಇದು ಸಾಮಾನ್ಯ ಚೌಕಟ್ಟು.

ಆಳುಪರ ಮುದ್ರೆ ಜೋಡಿ ಮೀನು. ಇದೇ ಗುರುತು ಅವರ ಚಿನ್ನದ ನಾಣ್ಯಗಳ ಮೇಲೂ ಇದೆ. 'ಪಾಂಡ್ಯ ಧನಂಜಯ' ಎಂಬ ಬಿರುದು ಬರೆದ ನಾಣ್ಯಗಳು ಪ್ರಸಿದ್ಧ. ಮಧುರೆಯ ಪಾಂಡ್ಯರಿಗೂ ಮೀನೇ ಲಾಂಛನ. ಆದರೆ ಮೀನು ಕಂಡಲ್ಲೆಲ್ಲ ಮಧುರೆಯ ನಂಟು ಕಟ್ಟಬೇಕಿಲ್ಲ. ಮಂಗಳೂರು, ಉದ್ಯಾವರ, ಬಾರ್ಕೂರು, ಆಳುಪರ ಈ ಮೂರೂ ರಾಜಧಾನಿಗಳು ಹೊಳೆ ಮತ್ತು ಕಡಲಿನ ನೀರು ಕೂಡುವ ಕಡೆ ಇರುವಂಥವು. ಅಂಥವರ ಮುದ್ರೆಯಲ್ಲಿ ಮೀನು ಬಂದರೆ ಆಶ್ಚರ್ಯವೇನು?

ಇವುಗಳಲ್ಲಿ ಉದ್ಯಾವರ ಬೆಳ್ಮಣ್ಣಿನಿಂದ ವಾಯವ್ಯಕ್ಕೆ ಒಂದು ದಿನದ ಕಾಲ್ನಡಿಗೆ. ಅಲ್ಲಿನ ವೀರಗಲ್ಲುಗಳು ಬೆಳ್ಮಣ್ಣಿನ ತಾಮ್ರಪಟದ ನಂತರದ ಕಥೆ ಹೇಳುತ್ತವೆ. ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ ಎಂಬ ಆಳುಪರ ಹೆಸರುಗಳು, ಉದ್ಯಾವರದ ಕೋಟೆಗಾಗಿ ದಾಯಾದಿಗಳ ಹೊಡೆದಾಟ, ಅದರಲ್ಲಿ ಸತ್ತ ಆಳುಗಳು. ರಾಜ ತಾಮ್ರದ ಮೇಲೆ ಹಕ್ಕು ಬರೆದುಕೊಟ್ಟ ಸೀಮೆಯಲ್ಲೇ ಸ್ವಲ್ಪ ಕಾಲದ ಮೇಲೆ ಯಾರು ರಾಜ ಅನ್ನುವುದೇ ಜಗಳವಾಯಿತು. ಹಕ್ಕುಪತ್ರ ಇಟ್ಟುಕೊಂಡ ಊರವರು ಅದನ್ನು ಎಷ್ಟು ಜೋಪಾನ ಮಾಡಿರಬೇಕು, ಯೋಚಿಸಿ.

ಬರಹಕ್ಕೆ ಕನ್ನಡ, ಬಾಯಿಗೆ ತುಳು

ಬೆಳ್ಮಣ್ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಕಿವಿಗೆ ಬೀಳುವುದು ಹೆಚ್ಚಾಗಿ ತುಳು; ನಡುವೆ ಕೊಂಕಣಿ, ಬ್ಯಾರಿ ಅಥವಾ ಉರ್ದು, ಕನ್ನಡ. ಬಸ್ಸಿನ ಬೋರ್ಡು, ಪಂಚಾಯತಿ ನೋಟೀಸು, ಪಹಣಿ ಕನ್ನಡ. ಮನೆಮಾತು ಬೇರೆ, ಕಾಗದದ ಮಾತು ಬೇರೆ. ಇದು ಬ್ರಿಟಿಷರ ಕಾಲದಲ್ಲೋ ಏಕೀಕರಣದ ನಂತರವೋ ಆದದ್ದು ಅಂತ ಬಹಳ ಜನ ತಿಳಿದಿದ್ದಾರೆ. ತಾಮ್ರಪಟ ಅದನ್ನು ಅಲ್ಲಗಳೆಯುತ್ತದೆ. ಸುಮಾರು 1,300 ವರ್ಷದ ಹಿಂದೆಯೇ ಈ ಸೀಮೆಯಲ್ಲಿ ದಾಖಲೆಯ ಭಾಷೆ ಕನ್ನಡವಾಗಿತ್ತು. ತುಳು ಭಾಷೆಯ ಶಾಸನಗಳೂ ಸಿಕ್ಕಿವೆ. ಸಂಖ್ಯೆ ಕಡಿಮೆ, ಕಾಲವೂ ಈಚಿನದು.

ಇದನ್ನು ಹಿಡಿದುಕೊಂಡು "ಆಗ ಇಲ್ಲಿ ತುಳುವೇ ಇರಲಿಲ್ಲ" ಎಂದು ವಾದ ಮಾಡುವುದು ತಪ್ಪು. ಶಾಸನ ಹೇಳುವುದು ಬರಹದ ಭಾಷೆಯನ್ನು. ಗದ್ದೆಯಲ್ಲಿ ನೇಜಿ ನೆಡುವಾಗ ಏನು ಹಾಡುತ್ತಿದ್ದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಪಾಡ್ದನಗಳಂಥ ಬಾಯಿಮಾತಿನ ಪರಂಪರೆಯನ್ನು ಬಿಟ್ಟು ಶಾಸನವೊಂದರಿಂದಲೇ ತುಳುನಾಡಿನ ಇತಿಹಾಸ ಬರೆದರೆ ಅದು ಒಂದೇ ಕಣ್ಣಿನ ನೋಟ.

ಆಮೇಲಿನ ಸಾವಿರ ವರ್ಷ

ಉಳಿದ ರಾಜಕೀಯ ಇತಿಹಾಸವನ್ನು ಬೇಗ ದಾಟೋಣ. ಅದು ಬೆಳ್ಮಣ್ಣಿನದ್ದು ಮಾತ್ರ ಅಲ್ಲ, ಇಡೀ ತುಳುನಾಡಿನದ್ದು. ಆಳುಪರು ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಹೀಗೆ ಮೇಲಿನವರು ಬದಲಾದರೂ 14ನೇ ಶತಮಾನದವರೆಗೆ ಇಲ್ಲಿ ಉಳಿದರು. ನಂತರ ವಿಜಯನಗರದವರು ಬಾರ್ಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಭಾಗ ಮಾಡಿ ಆಳಿದರು. ಕಾರ್ಕಳದಲ್ಲಿ ಭೈರರಸರು, 1586ರ ಚತುರ್ಮುಖ ಬಸದಿ ಅವರದ್ದು. ಆಮೇಲೆ ಕೆಳದಿ ನಾಯಕರು, 1763ರಿಂದ ಹೈದರ್, ಟಿಪ್ಪು, 1799ರಿಂದ ಇಂಗ್ಲಿಷರು. 1862ರಲ್ಲಿ ಕೆನರಾ ಜಿಲ್ಲೆ ಒಡೆದು ಉತ್ತರದ್ದು ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯ, 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆ.

ಜನರ ಲೆಕ್ಕ

"ಆಳುವರಸನ ಕಾಲದಲ್ಲಿ ಬೆಳ್ಮಣ್ಣಿನಲ್ಲಿ ಎಷ್ಟು ಜನ ಇದ್ದರು?" ಇದಕ್ಕೆ ಯಾವ ಶಾಸನವೂ ಉತ್ತರ ಕೊಡುವುದಿಲ್ಲ. ಹಳೆಯ ಆಡಳಿತಕ್ಕೆ ಬೇಕಾಗಿದ್ದದ್ದು ತಲೆಯೆಣಿಕೆ ಅಲ್ಲ, ಒಕ್ಕಲು, ಗದ್ದೆ, ಗೇಣಿ, ಮುಡಿ ಅಕ್ಕಿ. ಗದ್ದೆ ಎಷ್ಟು ಮುಡಿ ಬೀಜದ್ದು ಅನ್ನುವುದರಿಂದಲೇ ಅದರ ಅಳತೆ. ತಲೆಯೆಣಿಕೆ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಮದರಾಸು ಪ್ರಾಂತದಲ್ಲಿ ಪದ್ಧತಿ ಪ್ರಕಾರದ ಜನಗಣತಿ 1871ರದು.

ಇಲ್ಲಿ ಇನ್ನೊಂದು ಮಾತು. ಶಾಸನದಲ್ಲಿ ಹೆಸರು ಬರುವವರು ಕೊಟ್ಟವರು, ಪಡೆದವರು, ಸಾಕ್ಷಿ ನಿಂತವರು. ಗದ್ದೆ ಉತ್ತವರ ಹೆಸರು ಬರುವುದು ತೀರ ಅಪರೂಪ. ಆ ಮೌನ ಬಹಳ ಕಾಲ ಮುಂದುವರಿಯಿತು. ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಯಲ್ಲಿ ತಲೆಮಾರುಗಟ್ಟಲೆ ಉತ್ತವನ ಹಕ್ಕು ಕಾಗದಕ್ಕೆ ಬಂದದ್ದು 1974ರ ಭೂಸುಧಾರಣೆಯ ನಂತರ. ಗೇಣಿಯವರು ಫಾರಂ 7 ತುಂಬಿ ಅರ್ಜಿ ಕೊಟ್ಟರು, ಭೂನ್ಯಾಯಮಂಡಳಿಯಲ್ಲಿ ವಿಚಾರಣೆಯಾಯಿತು, ಆದೇಶವಾಯಿತು. ದಕ್ಷಿಣ ಕನ್ನಡದಲ್ಲಿ ಅದು ನಡೆದಷ್ಟು ಗಟ್ಟಿಯಾಗಿ ರಾಜ್ಯದ ಬೇರೆ ಕಡೆ ನಡೆದದ್ದು ಕಡಿಮೆ. ಈ ಸೀಮೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇವತ್ತಿಗೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಆ ಆದೇಶ ಇದೆ. ತಾಮ್ರಪಟಕ್ಕೂ ಅದಕ್ಕೂ ವ್ಯತ್ಯಾಸ ಲೋಹದ್ದು ಮಾತ್ರ. ಇಟ್ಟುಕೊಂಡವರ ಭಾವನೆ ಒಂದೇ. 'ಇದು ನಮ್ಮದು, ನೋಡಿ ಬರವಣಿಗೆ ಇದೆ.'

ಈಚಿನ ಲೆಕ್ಕ ನೋಡುವುದಾದರೆ, 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಹತ್ತು ವರ್ಷದಲ್ಲಿ ಹೆಚ್ಚಿದ್ದು ಶೇ 6ಕ್ಕೂ ಸ್ವಲ್ಪ ಕಡಿಮೆ. ಅದೇ ಹೊತ್ತಿಗೆ ಇಡೀ ಕರ್ನಾಟಕ ಬೆಳೆದದ್ದು ಶೇ 15ಕ್ಕಿಂತ ಹೆಚ್ಚು. ಸಾವಿರ ಗಂಡಸರಿಗೆ ಸುಮಾರು 1,094 ಹೆಂಗಸರು, ಸಾಕ್ಷರತೆ ಶೇ 86ರ ಸುಮಾರು. ಈ ಅಂಕಿಗಳ ಹಿಂದೆ ಇರುವುದು ಎಲ್ಲರಿಗೂ ಗೊತ್ತಿರುವ ಕಥೆ. ಓದಿದವರು, ದುಡಿಯುವ ವಯಸ್ಸಿನವರು ಮುಂಬಯಿಗೆ ಹೋದರು, ಬೆಂಗಳೂರಿಗೆ ಹೋದರು, ಕೊಲ್ಲಿ ದೇಶಗಳಿಗೆ ಹೋದರು. ಬೆಳ್ಮಣ್ಣಿನ ಸುತ್ತಿನ ಹಳ್ಳಿಗಳಲ್ಲಿ ಬೀಗ ಹಾಕಿದ ತರವಾಡು ಮನೆ, ಹಡಿಲು ಬಿದ್ದ ಬೆಟ್ಟುಗದ್ದೆ ನೋಡಿದರೆ ಅಂಕಿಯೇ ಬೇಡ. ಹೋದವರು ಊರನ್ನು ಬಿಡಲಿಲ್ಲ, ನೇಮಕ್ಕೆ, ರಥೋತ್ಸವಕ್ಕೆ, ಇಗರ್ಜಿ ಹಬ್ಬಕ್ಕೆ ಬರುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕಳಿಸುತ್ತಾರೆ.

ಜೀರ್ಣೋದ್ಧಾರದ ಹೊತ್ತಿನ ಒಂದು ವಿನಂತಿ

ಶಾಸನದ ಮಟ್ಟಿಗೆ ಈಗಿನ ಅಪಾಯ ಇರುವುದು ಇಲ್ಲೇ. ತುಳುನಾಡಿನಲ್ಲಿ ದೇವಸ್ಥಾನ, ದೈವಸ್ಥಾನ, ಬಸದಿ ಹೊಸದಾಗುತ್ತಲೇ ಇವೆ. ಬ್ರಹ್ಮಕಲಶದ ತಾರೀಕು ಹತ್ತಿರ ಬಂದಾಗ ಅಂಗಳದ ಮೂಲೆಯಲ್ಲಿ ಒರಗಿಸಿದ್ದ ಕಲ್ಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದು ಮೆಟ್ಟಿಲಿಗೆ ಹೋಗುತ್ತದೆ, ನೆಲಹಾಸಿನ ಕೆಳಗೆ ಮುಖ ಕೆಳಗಾಗಿ ಸೇರುತ್ತದೆ, ಕೆಲವೊಮ್ಮೆ ಹಿಟಾಚಿಯ ಹಲ್ಲಿಗೆ ಸಿಕ್ಕಿ ಎರಡಾಗುತ್ತದೆ. ರಸ್ತೆ ಅಗಲವಾಗುವಾಗ ದಾರಿಬದಿಯ ಗಡಿಕಲ್ಲು, ವೀರಗಲ್ಲುಗಳ ಗತಿಯೂ ಅಷ್ಟೆ. ಕೆಡಿಸಬೇಕೆಂದು ಯಾರೂ ಮಾಡುವುದಲ್ಲ, ಗೊತ್ತಿಲ್ಲದೆ ಆಗುವುದು. ಅದಕ್ಕೇ ಇಷ್ಟು ಮಾತು:

ಕಲ್ಲಿನ ಮೇಲೆ ಅಕ್ಷರ ಕಂಡರೆ ಮೊದಲು ಇರುವ ಜಾಗದಲ್ಲೇ ಫೋಟೋ ತೆಗೆಯಿರಿ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆದರೆ ಅಕ್ಷರ ಏಳುತ್ತದೆ. ರಾತ್ರಿಯಾದರೆ ಒಂದು ಬದಿಯಿಂದ ಟಾರ್ಚು ಹಿಡಿಯಿರಿ.

ಸುಣ್ಣ, ಬಣ್ಣ, ಸೀಮೆಸುಣ್ಣ, ಆಸಿಡ್, ತಂತಿ ಬ್ರಶ್ ಯಾವುದೂ ಬೇಡ. ನೀರು ಮತ್ತು ಮೆತ್ತಗಿನ ಬ್ರಶ್ ಸಾಕು. ಅಕ್ಷರಕ್ಕೆ ಪೈಂಟ್ ತುಂಬಿ 'ಚಂದ' ಮಾಡಿದ ಕಲ್ಲುಗಳಲ್ಲಿ ಪೈಂಟ್ ಹಚ್ಚಿದವನ ಓದು ಮಾತ್ರ ಉಳಿದಿರುತ್ತದೆ, ಕೊರೆದವನದ್ದು ಅಲ್ಲ.

ಪಡಿಯಚ್ಚು ತೆಗೆಯುವುದನ್ನು ಕಲಿತವರಿಗೆ ಬಿಡಿ. ಮೈಸೂರಿನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನಶಾಸ್ತ್ರ ವಿಭಾಗ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನು ತರುತ್ತಿದೆ. ಹೊಸದು ಅಂತ ಪತ್ರಿಕೆಗೆ ಕೊಡುವ ಮೊದಲು ಹಳೆಯ ಸಂಪುಟಗಳನ್ನು ನೋಡಿ. 1932ರ ದಕ್ಷಿಣ ಭಾರತ ಶಾಸನ ಸಂಪುಟದ ಏಳನೆಯದರಲ್ಲಿ ಈ ಜಿಲ್ಲೆಯ ಬಹಳಷ್ಟು ಶಾಸನ ಆಗಲೇ ಅಚ್ಚಾಗಿದೆ.

ಮನೆಯಲ್ಲಿ ತಾಮ್ರಪಟ ಇದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ಪಾತ್ರೆಗೆ ಅದು ಸರಿ, ಶಾಸನಕ್ಕಲ್ಲ. ಬಳೆ ಬಿಚ್ಚಬೇಡಿ. ಮಾರುವ ಮಾತಂತೂ ಬೇಡ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ತೋರಿಸಿದರೆ ಸರ್ಕಾರ ಕಿತ್ತುಕೊಂಡು ಹೋಗುತ್ತದೆ ಅನ್ನುವ ಹೆದರಿಕೆ ಎಷ್ಟೋ ಮನೆಗಳಲ್ಲಿ ಇದೆ. ಆ ಹೆದರಿಕೆಯಿಂದ ಅಟ್ಟದಲ್ಲೇ ಮುಚ್ಚಿಟ್ಟು, ಮನೆ ಪಾಲಾಗುವಾಗ ಪಾತ್ರೆಪಗಡಿಯ ಜತೆ ತಾಮ್ರದ ತೂಕಕ್ಕೆ ಹೋದದ್ದೆಷ್ಟೋ, ಲೆಕ್ಕ ಇಟ್ಟವರಿಲ್ಲ. ಕನಿಷ್ಠ ಒಂದು ಒಳ್ಳೆಯ ಫೋಟೋ ಆದರೂ ಬಲ್ಲವರ ಕೈ ಸೇರಲಿ.

ಇಮ್ಮಡಿ ಆಳುವರಸನ ತಾಮ್ರಪಟ ನಮಗೆ ಸಿಕ್ಕಿದ್ದು ರಾಜನಿಂದ ಅಲ್ಲ. ಅವನ ಉದ್ಯಾವರದ ಕೋಟೆ ಹೋಯಿತು, ವಂಶ ಹೋಯಿತು. ಯಾರೋ ಹೆಸರು ಗೊತ್ತಿಲ್ಲದ ಊರವರು ನಲವತ್ತು ಐವತ್ತು ತಲೆಮಾರು ಅದನ್ನು ಕರಗಿಸದೆ, ಮಾರದೆ, ಎಸೆಯದೆ ಇಟ್ಟರು. ನಡುವೆ ಅಕ್ಷರ ಮರೆತುಹೋಯಿತು, ಓದುವವರು ಯಾರೂ ಇರಲಿಲ್ಲ, ಆದರೂ ಇಟ್ಟರು. ಮುಂದಿನ ಸಲ ಪಡುಬಿದ್ರಿ–ಕಾರ್ಕಳ ಬಸ್ಸಿನಲ್ಲಿ ಹೋಗುವಾಗ ಬೆಳ್ಮಣ್ಣಿನಲ್ಲಿ ಇಳಿಯಿರಿ. ಹಾಗೆಯೇ ನಿಮ್ಮೂರಿನ ದೇವಸ್ಥಾನದ ಅಂಗಳದ ಮೂಲೆಯನ್ನೂ ಒಮ್ಮೆ ನೋಡಿ ಬನ್ನಿ.